ಕ್ಲಾಸಿನಲ್ಲಿ ಯಾರೂ ಕೈ ಎತ್ತಲಿಲ್ಲ: ಕೊರಿಯಾದಲ್ಲಿ ಪಾಠ ಮಾಡಿದ ನನ್ನ ಅನುಭವ

ದಕ್ಷಿಣ ಕೊರಿಯಾದಲ್ಲಿ ಹೊಸ ಶೈಕ್ಷಣಿಕ ವರ್ಷ ಶುರುವಾಗೋದು ಮಾರ್ಚ್‌ನಲ್ಲಿ. ದೇಜೊನ್ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷದವರಿಗೆ ಲೀನಿಯರ್ ಆಲ್ಜೀಬ್ರಾ ಹೇಳಿಕೊಡುವ ಕೆಲಸ ನನಗೆ ಸಿಕ್ಕಿತ್ತು, ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿ. ಮೊದಲ ದಿನ ಪಾಠ ಮುಗಿಸಿ "ಡೌಟ್ ಇದೆಯಾ?" ಅಂತ ಕೇಳಿದೆ. ನಲವತ್ತು ಜನ ಕೂತಿದ್ದರು. ಒಂದು ಕೈಯೂ ಮೇಲೇಳಲಿಲ್ಲ. ಶಿವಮೊಗ್ಗದಲ್ಲಿ ಆರು ವರ್ಷ ಡಿಗ್ರಿ ಮಕ್ಕಳಿಗೆ ಪಾಠ ಮಾಡಿದವಳು ನಾನು, ಹಿಂದಿನ ಬೆಂಚಿನಿಂದ "ಮೇಡಂ, ಇನ್ನೊಂದ್ ಸಲ" ಅನ್ನುವ ಕೂಗು ಕೇಳಿ ಅಭ್ಯಾಸ ಆದವಳು. ಪಾಠ ಯಾರಿಗೂ ಅರ್ಥ ಆಗಿಲ್ಲ ಅಂದುಕೊಂಡು ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇ ವಾರ ಕ್ಲಾಸ್ ಮುಗಿಸಿ ಹೊರಗೆ ಬಂದರೆ ಕಾರಿಡಾರ್‌ನಲ್ಲಿ ಮೂವರು ನಿಂತಿದ್ದರು. ಒಬ್ಬ ಹುಡುಗನ ನೋಟ್‌ಬುಕ್‌ನಲ್ಲಿ ಒಂದು ಪುಟದ ತುಂಬ ಡೌಟುಗಳು, ನಂಬರ್ ಹಾಕಿ ಬರೆದಿದ್ದ. ಕ್ಲಾಸಿನಲ್ಲೇ ಯಾಕೆ ಕೇಳಲಿಲ್ಲಪ್ಪಾ ಅಂದೆ. ಎಲ್ಲರ ಮುಂದೆ ಕೇಳಿದರೆ ಉಳಿದವರ ಸಮಯ ಹಾಳಾಗುತ್ತೆ, ನೀವು ಸರಿಯಾಗಿ ಹೇಳಲಿಲ್ಲ ಅಂದ ಹಾಗೂ ಆಗುತ್ತೆ ಅಂದ. ಅಲ್ಲಿ 'ನುನ್ಚಿ' ಅಂತ ಒಂದು ಮಾತಿದೆ. ಎದುರಿನವರ ಮನಸ್ಸನ್ನು ಅವರು ಬಾಯಿ ಬಿಡುವ ಮೊದಲೇ ಓದಿಕೊಳ್ಳೋದು. ಮಕ್ಕಳು ನನ್ನ ಮನಸ್ಸು ಓದುತ್ತಾ ಸುಮ್ನೆ ಕೂತಿದ್ದರು. ನಾನು ಅವರದನ್ನು ಓದೋದು ಕಲಿಯಬೇಕಿತ್ತು.

ಆಮೇಲೆ ನಾನು ಮಾಡಿದ್ದು ಇಷ್ಟು. ಅಲ್ಲಿನವರು ಮೆಸೇಜ್ ಮಾಡೋಕೆ ಬಳಸುವ ಕಾಕಾವೋಟಾಕ್ ಆ್ಯಪ್‌ನಲ್ಲಿ ಹೆಸರು ಹೇಳದೆ ಬರೆಯಬಹುದಾದ ಓಪನ್ ಚಾಟ್ ಇದೆ. ಕ್ಲಾಸಿಗೆ ಅಂತ ಒಂದು ಮಾಡಿದೆ. ಪಾಠದ ನಡುವೆ ಮೂರು ನಿಮಿಷ ನಿಲ್ಲಿಸಿ "ಯಾವ ಹಂತದಲ್ಲಿ ಕೈ ಬಿಟ್ಟಿತು, ನಂಬರ್ ಮಾತ್ರ ಹಾಕಿ" ಅಂತಿದ್ದೆ. ಮೊದಲ ದಿನವೇ ಹದಿನೇಳು ಉತ್ತರ ಬಂತು, ಹೆಚ್ಚಿನವರು ಒಂದೇ ಹಂತದಲ್ಲಿ ಸಿಕ್ಕಿಕೊಂಡಿದ್ದರು.

ಗುಂಪು ಮಾಡಿ ಕೂರಿಸಿದಾಗ ಇನ್ನೊಂದು ಗೊತ್ತಾಯಿತು. ಅಲ್ಲಿ ಗಂಡುಮಕ್ಕಳಿಗೆ ಸೇನೆ ಕಡ್ಡಾಯ, ಭೂಸೇನೆಯಾದರೆ 18 ತಿಂಗಳು. ಓದನ್ನು ಮಧ್ಯದಲ್ಲೇ ನಿಲ್ಲಿಸಿ ಹೋಗಿ ಬಂದವರು ಜಾಸ್ತಿ. ಹಾಗಾಗಿ ಒಂದೇ ಬೆಂಚಿನಲ್ಲಿ ಇಪ್ಪತ್ತರ ಹುಡುಗಿ, ಇಪ್ಪತ್ಮೂರರ ಹುಡುಗ. ದೊಡ್ಡವನು ಬಾಯಿ ಬಿಡುವವರೆಗೆ ಚಿಕ್ಕವರು ಕಾಯುತ್ತಾರೆ. ಆದ್ದರಿಂದ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು, ಆಮೇಲೆ ಮಾತು ಅಂತ ಮಾಡಿದೆ. ಅದು ಕೆಲಸ ಮಾಡಿತು. ಪರದೇಶದಲ್ಲಿ ಪಾಠ ಮಾಡೋಕೆ ಹೊರಟವರಿಗೆ ನಾನು ಮೊದಲು ಹೇಳೋದು ಇದನ್ನೇ: ಮಕ್ಕಳು ಸುಮ್ಮನಿದ್ದಾರೆ ಅಂತ ದಡ್ಡರು ಅಂದುಕೊಳ್ಳಬೇಡಿ.

ಒಂದು ತಪ್ಪು ಮಾತ್ರ ಇವತ್ತಿಗೂ ನೋಯಿಸುತ್ತೆ. ಕೊರಿಯನ್ ಅಕ್ಷರ ಹೊಸದಾಗಿ ಕಲಿತಿದ್ದೆ. ಮಕ್ಕಳ ಹೆಸರು ನಾನೇ ಬರೆದರೆ ಅವರಿಗೆ ಖುಷಿ ಆಗುತ್ತೆ ಅಂದುಕೊಂಡು, ಟೆಸ್ಟ್ ಪೇಪರ್ ತಿದ್ದುವಾಗ ಪ್ರತಿ ಪೇಪರಿನ ಮೇಲೂ ಹೆಸರು ಬರೆದೆ. ಕೈಯಲ್ಲಿದ್ದದ್ದು ತಿದ್ದುವ ಕೆಂಪು ಪೆನ್. ಮುಂದಿನ ಸಾಲಿನ ಹುಡುಗಿ ಪೇಪರ್ ತಗೊಂಡಳು, ನೋಡಿದಳು, ಹೆಬ್ಬೆರಳಿನಿಂದ ಹೆಸರನ್ನು ಮೆಲ್ಲಗೆ ಮುಚ್ಚಿದಳು. ಏನೂ ಹೇಳಲಿಲ್ಲ. ಕೆಂಪಿನಲ್ಲಿ ಬರೆಯೋದು ಸತ್ತವರ ಹೆಸರನ್ನು ಅನ್ನುವ ನಂಬಿಕೆ ಅಲ್ಲಿ ಇದೆ ಅಂತ ಸಂಜೆ ನನ್ನ ಸಹಾಯಕಿ ತಿಳಿಸಿದಳು. ಮರುದಿನ ಎಲ್ಲ ಪೇಪರ್ ವಾಪಸ್ ತಗೊಂಡು, ಹೊಸ ಹಾಳೆ ಅಂಟಿಸಿ, ನೀಲಿಯಲ್ಲಿ ಹೆಸರು ಬರೆದು ಕೊಟ್ಟೆ. ಕ್ಷಮೆ ಕೇಳಿದೆ. ಆಮೇಲೆ ತಿದ್ದೋದಕ್ಕೂ ಹಸಿರು ಪೆನ್ನೇ.

ಭಾಷೆ ಮಾತ್ರ ಕನ್ನಡದವಳಿಗೆ ಬೇಗ ಹತ್ತಿರವಾಯಿತು. ಕ್ರಿಯಾಪದ ಕೊನೆಗೇ ಬರುತ್ತೆ, ನಮ್ಮ ಹಾಗೆ. ಹೋಗು, ಹೋಗಿ ಅನ್ನುವ ಥರ ಗೌರವ ಅದರ ಬಾಲದಲ್ಲೇ ಇರುತ್ತೆ. ಅಪ್ಪನಿಗೆ 'ಅಪ್ಪಾ' ಅಂತಲೇ ಅಂತಾರೆ! ನನ್ನ ಅಮ್ಮ ಅನ್ನೋದಿಲ್ಲ, 'ಉರಿ ಒಮ್ಮಾ', ಅಂದರೆ ನಮ್ಮಮ್ಮ. ಎದುರಿಗೆ ಸಿಕ್ಕವರು 'ಬಾಪ್ ಮೊಗೊಸ್ಸೊಯೊ' ಅಂತ ಕೇಳುತ್ತಾರೆ. ಬಾಪ್ ಅಂದರೆ ಅನ್ನ. ನಮ್ಮ "ಊಟ ಆಯ್ತಾ" ಅಲ್ವಾ ಅದು! ಇಂಗ್ಲಿಷ್‌ನಲ್ಲಿ ಹೇಳಿದರೆ ವಿಚಿತ್ರವಾಗಿ ಕೇಳಿಸುವ ಈ ಮಾತಿಗೆ ನನಗೆ ಕಣ್ಣು ತುಂಬಿಬಂದಿತ್ತು.

ಊಟದ್ದು ಮಾತ್ರ ಕಷ್ಟ. ನಾನು ಸಸ್ಯಾಹಾರಿ. ಎಲೆಕೋಸಿನ ಕಿಮ್ಚಿ ನೋಡೋಕೆ ಬರೀ ತರಕಾರಿ, ಆದರೆ ಅದಕ್ಕೆ ಉಪ್ಪು ಹಾಕಿ ಹುಳಿ ಬರಿಸಿದ ಸೀಗಡಿ ಅಥವಾ ಮೀನಿನ ರಸ ಬೀಳೋದೇ ಹೆಚ್ಚು. ಅನ್ನದ ಮೇಲೆ ತರಕಾರಿ ಹಾಕಿ ಕಲಸಿ ತಿನ್ನುವ ಬಿಬಿಂಬಾಪ್ ಅನ್ನು ಮಾಂಸ, ಮೊಟ್ಟೆ ಬಿಟ್ಟು ಹಾಕಿಸಿಕೊಂಡು ದಿನ ತಳ್ಳಿದೆ. ಶರತ್ಕಾಲದ ಚುಸೊಕ್ ಹಬ್ಬಕ್ಕೆ ಸಹೋದ್ಯೋಗಿಯೊಬ್ಬರು ಸೊಂಗ್‌ಪ್ಯೊನ್ ಕೊಟ್ಟರು. ಅಕ್ಕಿಹಿಟ್ಟಿನೊಳಗೆ ಸಿಹಿ ಎಳ್ಳು, ಪೈನ್ ಎಲೆಯ ಮೇಲೆ ಆವಿಯಲ್ಲಿ ಬೇಯಿಸಿದ್ದು. ನಮ್ಮ ಮನೆಯ ಕಡುಬಿನ ನೆನಪಾಯಿತು.

ಆ ವರ್ಷದ ಮೇ 15, ಶಿಕ್ಷಕರ ದಿನ. ಹಂಗುಲ್ ಅಕ್ಷರ ಕೊಟ್ಟ ರಾಜ ಸೇಜೊಂಗ್‌ನ ಹುಟ್ಟುಹಬ್ಬ ಅಂತ ಆ ದಿನ ಆರಿಸಿದ್ದಾರೆ. ಕಾರಿಡಾರಿನ ಆ ಹುಡುಗ ನನ್ನ ಮೇಜಿನ ಮೇಲೆ ಒಂದು ಕ್ಯಾನ್ ಕಾಫಿ ಇಟ್ಟುಹೋಗಿದ್ದ. 2016ರಲ್ಲಿ ಜಾರಿಗೆ ಬಂದ ಭ್ರಷ್ಟಾಚಾರ ವಿರೋಧಿ ಕಾನೂನಿನ ಪ್ರಕಾರ, ನಾನು ಮಾರ್ಕ್ಸ್ ಹಾಕುವ ವಿದ್ಯಾರ್ಥಿಯಿಂದ ಅಷ್ಟನ್ನೂ ತಗೊಳ್ಳುವ ಹಾಗಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ವಾಪಸ್ ಮಾಡೋದು ಹೇಗೆ? ಕರೆಸಿದೆ. ಎರಡೂ ಕೈಯಲ್ಲಿ ಹಿಡಿದು ಕ್ಯಾನ್ ಹಿಂದಿರುಗಿಸಿದೆ, ಕಾರಣ ಹೇಳಿದೆ. ಆಮೇಲೆ ಕಾರಿಡಾರಿನ ಮೆಷಿನ್‌ನಿಂದ ನನ್ನ ದುಡ್ಡಲ್ಲೇ ಇನ್ನೊಂದು ಕಾಫಿ ತೆಗೆದುಕೊಂಡೆ, ನಮ್ಮಿಬ್ಬರ ಕೈಯಲ್ಲೂ ಒಂದೊಂದು ಕ್ಯಾನ್ ಆಯಿತು. ಅವನು ತಲೆಬಾಗಿಸಿ "ಕ್ಯೊಸುನಿಮ್" ಅಂದ, ಪ್ರೊಫೆಸರ್‌ರೇ ಅಂತ. ಒಂದು ಗುಟುಕು ಕುಡಿದು ನೋಟ್‌ಬುಕ್ ಬಿಚ್ಚಿದ. ಐಗನ್‌ವೆಕ್ಟರ್ ಬಗ್ಗೆ ಏಳು ಡೌಟು ಬರೆದುಕೊಂಡು ಬಂದಿದ್ದ. ಮುಗಿಸೋ ಹೊತ್ತಿಗೆ ಕ್ಯಾಂಟೀನ್ ಬಾಗಿಲು ಹಾಕಿತ್ತು.