ಕೊಟ್ಟಿಗೆಯಿಂದ ಗೇಟಿನವರೆಗೆ: ದನಗಳನ್ನ ಹೊಡೀದೆ, ಬೀಳಿಸದೆ ಓಡಾಡಿಸೋದು ಹೇಗೆ

ದನ ಮುಂದಕ್ಕೆ ಹೆಜ್ಜೆ ಇಡ್ತಿಲ್ಲ ಅಂದ್ರೆ ಮೊದಲು ಕೈಯಲ್ಲಿರೋ ಕೋಲು ಕೆಳಗಿಡಿ. ಆಮೇಲೆ ಅದರ ಪಕ್ಕ ಹೋಗಿ, ಸ್ವಲ್ಪ ಬಗ್ಗಿ, ಅದು ಎಲ್ಲಿ ನೋಡ್ತಿದೆಯೋ ಅಲ್ಲೇ ನೋಡಿ. ಮುಕ್ಕಾಲು ಪಾಲು ಅಲ್ಲಿ ಏನೋ ಒಂದು ಇದ್ದೇ ಇರತ್ತೆ. ಗೇಟಿಗೆ ನೇತಾಕಿರೋ ಚೈನು ಅಲ್ಲಾಡ್ತಿರತ್ತೆ, ಇಲ್ಲಾ ಮೋರಿ ಮೇಲಿನ ಕಬ್ಬಿಣದ ಜಾಲರಿ, ಯಾರೋ ಒಣಗಾಕಿರೋ ಬೆಡ್‌ಶೀಟು, ನೀರು ನಿಂತು ಫಳಫಳ ಅಂತಿರೋ ಗುಂಡಿ, ಪಕ್ಕದ ಸೈಟಲ್ಲಿ ಕಟ್ತಿರೋ ಬಿಲ್ಡಿಂಗಿಗೆ ಹೊದಿಸಿರೋ ನೀಲಿ ಟಾರ್ಪಾಲು. ಹಠ ಮಾಡ್ತಿದೆ ಅಂತ ನಾವು ಬೈತೀವಿ, ಪಾಪ ಅದು ಹೆದರಿ ನಿಂತಿರತ್ತೆ.

ನಮ್ಮದು ಹೆಸರಘಟ್ಟ ರಸ್ತೆ ಕಡೆ. ಮುಂಚೆ ಕೊಟ್ಟಿಗೆ ಹಿಂದೇನೇ ಬಯಲು, ಹಗ್ಗ ಬಿಚ್ಚಿದ್ರೆ ಸಾಕು ದನ ತಾವೇ ಹೋಗಿ ತಾವೇ ಬರೋವು, ಈಗ ಸುತ್ತ ಲೇಔಟು ಆಗಿ 60-40ರ ಎರಡು ಸೈಟಿನಷ್ಟು ಜಾಗದಲ್ಲಿ ಕೊಟ್ಟಿಗೆ, ನೀರಿನ ತೊಟ್ಟಿ, ಹಾಲು ಕರೆಯೋ ಜಾಗ, ಕರುಗಳ ಶೆಡ್ಡು ಎಲ್ಲಾ ಇದೆ. ಎಂಟು ಸೀಮೆ ಹಸು, ಎರಡು ನಾಟಿ, ಒಂದಷ್ಟು ಕುರಿ. ದಿನಕ್ಕೆ ನಾಲ್ಕೈದು ಸಲ ಇವನ್ನ ಅಲ್ಲಿಂದಿಲ್ಲಿಗೆ ಕಟ್ಟಬೇಕು, ಜಾಗ ಚಿಕ್ಕದಾದಷ್ಟೂ ಪೆಟ್ಟಾಗೋದು ಜಾಸ್ತಿ, ದನಕ್ಕೂ ನಮಗೂ. ಬೆಂಗಳೂರಿನ ಸುತ್ತ ಹಸು ಕಟ್ಕೊಂಡಿರೋ ಬಹಳ ಜನದ ಪರಿಸ್ಥಿತಿ ಹೆಚ್ಚುಕಮ್ಮಿ ಹಿಂಗೇ ಇದೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ದನದ ಕಣ್ಣಿನ ವಿಷಯ, ಯಾಕಂದ್ರೆ ಇದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ದನದ ಕಣ್ಣು ತಲೆಯ ಎರಡೂ ಪಕ್ಕದಲ್ಲಿರತ್ತೆ, ಹಾಗಾಗಿ ತಲೆ ತಿರುಗಿಸದೆ ಸುತ್ತಲೂ ಸುಮಾರು 330 ಡಿಗ್ರಿಯಷ್ಟು ಅದಕ್ಕೆ ಕಾಣ್ಸತ್ತೆ, ಕಾಣದೇ ಇರೋದು ಬಾಲದ ನೇರ ಹಿಂದೆ ಮತ್ತೆ ಮೂಗಿನ ತುದಿ ಮುಂದೆ ಒಂಚೂರು. ನೀವು ಸದ್ದಿಲ್ಲದೆ ನೇರ ಹಿಂದಿನಿಂದ ಬಂದು ಬೆನ್ನು ಮುಟ್ಟಿದ್ರೆ ಅದಕ್ಕೆ ಯಾರು ಬಂದ್ರು ಅಂತಾನೇ ಗೊತ್ತಾಗಲ್ಲ, ಒದೆಯತ್ತೆ, ತಪ್ಪು ಅದರದ್ದಲ್ಲ. ಆಳ ಎಷ್ಟು ಅಂತ ಅದಕ್ಕೆ ಬೇಗ ಅಂದಾಜಾಗಲ್ಲ, ತಲೆ ಬಗ್ಗಿಸಿ ನೋಡಬೇಕು, ಅದಕ್ಕೇ ನೆಲದ ಮೇಲಿನ ಕಪ್ಪು ನೆರಳು ಅದರ ಪಾಲಿಗೆ ಒಂದು ಹಳ್ಳ ಇದ್ದಂಗೆ. ಬಿಸಿಲಿಂದ ಕತ್ತಲೆ ಶೆಡ್ಡಿಗೆ ಬಂದಾಗ ಕಣ್ಣು ಹೊಂದ್ಕೊಳ್ಳೋಕೂ ನಮಗಿಂತ ಟೈಮ್ ಬೇಕು. ಕೆಂಪು ಬಟ್ಟೆಗೆ ಹಾಯತ್ತೆ ಅನ್ನೋದು ಸುಳ್ಳು, ಕೆಂಪು ನಮಗೆ ಕಂಡ ಹಂಗೆ ಅದಕ್ಕೆ ಕಾಣಲ್ಲ, ಅದು ಹೆದರೋದು ಬಟ್ಟೆ ಅಲ್ಲಾಡೋದಕ್ಕೆ. ಕಿವಿಯಂತೂ ಇನ್ನೂ ಸೂಕ್ಷ್ಮ, ನಮಗೆ ಕೇಳೋದು 20 ಕಿಲೋಹರ್ಟ್ಜ್ ತನಕ ಆದ್ರೆ ದನಕ್ಕೆ ಸುಮಾರು 35ರ ತನಕ, ಕಬ್ಬಿಣದ ಗೇಟು ಕಿರ್ ಅಂದ್ರೆ ನಮಗಿಂತ ಅದಕ್ಕೇ ಜಾಸ್ತಿ ಕಿರಿಕಿರಿ. ಹಿಂಜಿಗೆ ಎಣ್ಣೆ ಬಿಡಿ, ಚೈನಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ, ಹತ್ತು ರೂಪಾಯಿ ಕೆಲಸ.

ಇದನ್ನೆಲ್ಲಾ ಕೂತು ಅಧ್ಯಯನ ಮಾಡಿ ಜಗತ್ತಿಗೆ ತಿಳಿಸಿದವರಲ್ಲಿ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅನ್ನೋರ ಹೆಸರು ದೊಡ್ಡದು, ಅವರು ದನ ಹೋಗೋ ದಾರೀಲಿ ತಾವೇ ಇಳಿದು ದನಕ್ಕೆ ಏನು ಕಾಣತ್ತೆ ಅಂತ ನೋಡ್ತಿದ್ರು. ನಮ್ಮ ತಾತ ಅವರ ಹೆಸರು ಕೇಳಿದೋರಲ್ಲ, ಆದ್ರೂ ಹೇಳ್ತಿದ್ದಿದ್ದು ಅದನ್ನೇ, "ದನ ನಿಂತ್ರೆ ನೀನೂ ನಿಂತ್ಕೊಳ್ಳೋ, ಅದ್ಕೇನೋ ಕಂಡೈತೆ".

ಈಗ ಎಲ್ಲಿ ನಿಂತ್ಕೋಬೇಕು ಅನ್ನೋದು. ಪ್ರತಿ ದನದ ಸುತ್ತಲೂ ಅದರದ್ದೇ ಒಂದು ದೂರ ಇರತ್ತೆ, ಅದರೊಳಗೆ ನೀವು ಕಾಲಿಟ್ರೆ ಅದು ಜರುಗತ್ತೆ, ಹೊರಗೆ ಬಂದ್ರೆ ನಿಲ್ಲತ್ತೆ. ದಿನಾ ಕರೆಯೋ ಹಸುಗೆ ಈ ದೂರ ಒಂದು ಮೊಳವೂ ಇರಲ್ಲ, ಜಾತ್ರೆಯಿಂದ ಹೊಸದಾಗಿ ತಂದಿರೋ ಹಳ್ಳಿಕಾರ್ ಹೋರಿಗೆ ಮೂರು ನಾಲ್ಕು ಮಾರು ಇರಬಹುದು. ಆ ಗಡಿ ಮೇಲೆ ಹೆಜ್ಜೆ ಇಡೋದು, ಅದು ನಡೆದ ಕೂಡಲೇ ನೀವು ಒಂದು ಹೆಜ್ಜೆ ಹಿಂದೆ ಬರೋದು, ಇಷ್ಟೇ ವಿದ್ಯೆ. ನಡೆದ ಮೇಲೂ ಬೆನ್ನು ಬಿಡದೆ ಒತ್ತುತ್ತಾ ಹೋದ್ರೆ ಮುಂದೆ ಜಾಗ ಇಲ್ಲದಾಗ ತಿರುಗಿ ನಿಮ್ಮ ಮೇಲೇ ಬರತ್ತೆ. ಇನ್ನೊಂದು, ಹೆಗಲು. ಹೆಗಲಿಗಿಂತ ಹಿಂದೆ, ಪಕ್ಕದಲ್ಲಿ ನಿಂತು ಹತ್ರ ಬಂದ್ರೆ ದನ ಮುಂದಕ್ಕೆ ಹೋಗತ್ತೆ, ಹೆಗಲಿಗಿಂತ ಮುಂದೆ ಬಂದ್ರೆ ಹಿಂದಕ್ಕೆ ಜರುಗತ್ತೆ. ಎಷ್ಟೋ ಜನ ಮೂತಿ ಹತ್ರ ನಿಂತು ಹೋಗು ಹೋಗು ಅಂತ ಕೂಗ್ತಿರ್ತಾರೆ, ಅದು ಹೆಂಗೆ ಹೋಗತ್ತೆ ಹೇಳಿ, ದಾರಿಗೆ ಅಡ್ಡ ನೀವೇ ನಿಂತಿದೀರಲ್ಲ. ಸಾಲಾಗಿ ನಿಂತಿರೋ ದನಗಳು ಮುಂದೆ ಹೋಗ್ಬೇಕಾದ್ರೆ ಅವುಗಳ ಪಕ್ಕದಲ್ಲೇ ಮುಂದಿನಿಂದ ಹಿಂದಕ್ಕೆ ನಿಧಾನ ನಡೀರಿ, ಒಂದೊಂದರ ಹೆಗಲು ದಾಟಿದ ಹಂಗೆ ಒಂದೊಂದೇ ಮುಂದಕ್ಕೆ ಹೋಗತ್ತೆ, ಮೊದಲ ಸಲ ನೋಡಿದಾಗ ನಂಗೆ ನಂಬಕ್ಕೇ ಆಗಲಿಲ್ಲ.

ಬಾಲ ತಿರುಚಬೇಡಿ. ಇದನ್ನ ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಬಾಲದೊಳಗೆ ಮೂಳೆಗಳ ಸಾಲೇ ಇದೆ, ಜೋರಾಗಿ ತಿರುಚಿದ್ರೆ ಮುರಿಯತ್ತೆ. ನಮ್ಮಲ್ಲಿ ಸ್ವಲ್ಪ ದಿನ ಕೆಲಸಕ್ಕಿದ್ದ ಒಬ್ಬರು ಹಂಗೆ ಮಾಡಿ ಗೌರಿ ಅನ್ನೋ ಹಸುವಿನ ಬಾಲ ಇವತ್ತಿಗೂ ಮಧ್ಯದಲ್ಲಿ ಸೊಟ್ಟಗಿದೆ, ನೊಣ ಓಡಿಸ್ಕೊಳ್ಳೋಕೂ ಕಷ್ಟ ಪಡತ್ತೆ, ನೋಡಿದಾಗೆಲ್ಲಾ ಹೊಟ್ಟೆ ಉರಿಯತ್ತೆ. ಮೊಳೆ ಹೊಡೆದಿರೋ ಕೋಲು, ಕಣ್ಣಿಗೆ ಕಾರದ ಪುಡಿ, ಇವೆಲ್ಲಾ ಪಾಪದ ಕೆಲಸ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಕೂಡ. ಇನ್ನು ಲೆಕ್ಕಾಚಾರದ ಮಾತು ಬೇಕು ಅನ್ನೋರಿಗೆ ಹೇಳ್ತೀನಿ, ಹೆದರಿದ ಹಸು ಹಾಲು ಸೊರ ಬಿಡಲ್ಲ, ಭಯ ಆದಾಗ ಮೈಯಲ್ಲಿ ಬಿಡುಗಡೆ ಆಗೋ ಅಡ್ರಿನಲಿನ್ನು ಹಾಲು ಇಳಿಸೋ ಹಾರ್ಮೋನಿಗೆ ಅಡ್ಡ ಬರತ್ತೆ, ಪೂರ್ತಿ ಸಮಾಧಾನ ಆಗೋಕೆ 20-30 ನಿಮಿಷ ಬೇಕು. ಡೈರಿ ಟೈಮಿಗೆ ಸರಿಯಾಗಿ ಹೊಡೆದು ತಂದು ಕಟ್ಟಿದ್ರೆ ಕೆಚ್ಚಲಲ್ಲೇ ಹಾಲು ಉಳಿಯತ್ತೆ, ನಷ್ಟ ಯಾರಿಗೆ?

ಕೋಲು ಬೇಡವೇ ಬೇಡ ಅಂತಲ್ಲ. ಉದ್ದನೆ ಕೋಲು ಕೈ ಉದ್ದ ಮಾಡ್ಕೊಳ್ಳೋಕೆ, ಪಕ್ಕಕ್ಕೆ ಚಾಚಿ ದಾರಿ ಮುಚ್ಚೋಕೆ ಒಳ್ಳೇದು.

ಈಗ ನೆಲದ ವಿಷಯ. ಹಸು ಬೀಳೋದು ಹೆಚ್ಚಾಗಿ ಚಪ್ಪಡಿ ಕಲ್ಲಿನ ಮೇಲೆ ಅಥವಾ ನುಣ್ಣಗೆ ಪ್ಲಾಸ್ಟರ್ ಮಾಡಿರೋ ಸಿಮೆಂಟ್ ನೆಲದ ಮೇಲೆ, ಅದೂ ತೊಳೆದ ಕೂಡಲೇ. ಹಿಂದಿನ ಎರಡೂ ಕಾಲು ಅಗಲಕ್ಕೆ ಜಾರಿದ್ರೆ ತೊಡೆಸಂದಿಯ ಮಾಂಸ ಹರಿದುಹೋಗಿ ಆ ಹಸು ಮತ್ತೆ ಎದ್ದೇಳದೇ ಇರಬಹುದು, ಗಬ್ಬದ ಹಸು ಆದ್ರಂತೂ ಎರಡು ಜೀವ. ಹೊಸದಾಗಿ ನೆಲ ಹಾಕ್ಸೋರು ಮೇಸ್ತ್ರಿಗೆ ಮೊದಲೇ ಹೇಳಿ, ಟೈಲ್ಸ್ ಹಂಗೆ ಫಿನಿಶಿಂಗ್ ಬೇಡ, ನಾಲ್ಕು ಇಂಚಿಗೊಂದು ಗೀರು, ಸುಮಾರು 10 ಮಿಲಿಮೀಟರ್ ಆಳ, ಎರಡೂ ದಿಕ್ಕಿಗೆ ಬರಲಿ ಅಂತ. ಹಳೇ ನೆಲ ಆದ್ರೆ ಕಟರ್ ಮಷೀನಲ್ಲಿ ಗೀರು ಹಾಕಿಸಬಹುದು, ಅದೂ ಆಗದಿದ್ರೆ ದನ ದಾಟೋ ಹೊತ್ತಿಗೆ ಮರಳು, ಬೂದಿ, ಭತ್ತದ ಹೊಟ್ಟು ಏನಾದ್ರೂ ಚೆಲ್ಲಿ, ತಿರುವಿನ ಜಾಗದಲ್ಲಿ ರಬ್ಬರ್ ಮ್ಯಾಟು. ತೊಳೆಯೋದು ದನ ಆಚೆ ಹೋದ ಮೇಲೆ, ಒಳಗೆ ಬರೋದು ನೆಲ ಆರಿದ ಮೇಲೆ, ಈ ಒಂದು ನಿಯಮ ಪಾಲಿಸಿದ್ರೂ ಸಾಕು. ಓಣಿ ಅಗಲದಲ್ಲೂ ಒಂದು ಲೆಕ್ಕ ಇದೆ, ಒಂದೊಂದೇ ಹೋಗಬೇಕು ಅಂದ್ರೆ ಎರಡೂವರೆ ಅಡಿ, ತಿರುಗೋಕೆ ಆಗಬಾರದು, ಇಲ್ಲಾಂದ್ರೆ ಆರಾಮಾಗಿ ತಿರುಗೋಷ್ಟು ಹತ್ತು ಅಡಿ ಬಿಡಿ. ಮಧ್ಯದ ನಾಲ್ಕೈದು ಅಡಿ ತುಂಬಾ ಡೇಂಜರು, ತಿರುಗೋಕೆ ಟ್ರೈ ಮಾಡಿ ಅರ್ಧಕ್ಕೆ ಸಿಕ್ಕಾಕೊಂಡು ಗಾಬರಿ ಬೀಳತ್ತೆ.

ಹಗ್ಗ ಹಿಡಿಯೋದು. ಹಗ್ಗಾನ ಯಾವತ್ತೂ ಕೈಗೆ ಸುತ್ಕೋಬೇಡಿ, ಸೊಂಟಕ್ಕಂತೂ ಕಟ್ಕೊಳ್ಳಲೇಬೇಡಿ. ನಮ್ಮ ಚಿಕ್ಕಪ್ಪ ಎಡಗೈಗೆ ಎರಡು ಸುತ್ತು ಸುತ್ಕೊಂಡು ಎಮ್ಮೆ ಹಿಡ್ಕೊಂಡು ಬರ್ತಿದ್ರು, ಬೀದಿನಾಯಿ ಬೊಗಳಿದ್ದಕ್ಕೆ ಎಮ್ಮೆ ಎಳೆದು ಹೆಬ್ಬೆರಳಿನ ಕೀಲೇ ಹೋಯ್ತು. ಮಡಚಿ ಮಡಚಿ ಅಂಗೈಯಲ್ಲಿ ಇಟ್ಕೊಳ್ಳಿ, ಎಳೆದ್ರೆ ಬಿಟ್ಟುಬಿಡಿ, ದನ ಎಲ್ಲಿಗೂ ಓಡಿಹೋಗಲ್ಲ. ಗೂಟಕ್ಕೆ ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚೋ ಗಂಟು ಹಾಕಿ, ಆದ್ರೆ ಕುತ್ತಿಗೆಗೆ ಜೀರುಗುಣಿಕೆ ಬೇಡ, ಬಿದ್ರೆ ಬಿಗಿದು ಉಸಿರು ಕಟ್ಟತ್ತೆ. ಮೂಗುದಾರ ಇರೋದು ಸೂಚನೆ ಕೊಡೋಕೆ, ಜಗ್ಗೋಕಲ್ಲ.

ಒಂದೇ ಹಸುನ ಬೇರೆ ಕಡೆ ಒಯ್ಯಬೇಕು, ಪಶು ಆಸ್ಪತ್ರೆಗೋ ಇನ್ನೆಲ್ಲಿಗೋ, ಅಂದಾಗ ಜೊತೆಗೆ ಇನ್ನೊಂದನ್ನ ಕರ್ಕೊಂಡು ಹೋಗಿ. ಒಂಟಿಯಾದ ತಕ್ಷಣ ಎಂಥಾ ಸಾಧು ಹಸುನೂ ಅರಚತ್ತೆ. ಗುಂಪಲ್ಲಿ ಒಂದು ಯಜಮಾನಿ ಇರತ್ತೆ, ನಮ್ಮಲ್ಲಿ ಅದು ತುಂಗಾ, ಅವಳನ್ನ ಮೊದಲು ಬಿಟ್ರೆ ಮಿಕ್ಕಿದ್ದು ತಾವೇ ಬರ್ತವೆ, ಅವಳನ್ನ ಹಿಂದೆ ಹಾಕಿ ಬೇರೆಯವನ್ನ ಮುಂದೆ ತಳ್ಳಿದ್ರೆ ಗೇಟಲ್ಲೇ ಕೊಂಬಾಟ. ಕರುಗೆ ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಕೈ ಹಿಂದೆ ಇಟ್ಟು ನಡೆಸ್ಕೊಂಡು ಹೋಗಿ, ಕಿವಿ ಹಿಡಿದು ಎಳೀಬೇಡಿ. ಹೊಸದಾಗಿ ಈದ ಹಸುವಿನ ಕರು ಎತ್ತುವಾಗ ತಾಯಿ ಮತ್ತೆ ನಿಮ್ಮ ಮಧ್ಯೆ ಏನಾದ್ರೂ ತಡೆ ಇರಲೇಬೇಕು, ಎಷ್ಟೇ ಪರಿಚಯ ಇದ್ರೂ. ಹೋರಿ, ಗೂಳಿ ವಿಷಯಕ್ಕೆ ಒಬ್ಬರೇ ಹೋಗಬೇಡಿ, ಬೆನ್ನು ತೋರಿಸಬೇಡಿ, ಒಳಗೆ ಹೋಗೋ ಮುಂಚೆ ಆಚೆ ಬರೋ ದಾರಿ ಯಾವುದು ಅಂತ ನೋಡ್ಕೊಂಡೇ ಹೋಗಿ. ತಲೆ ತಗ್ಗಿಸಿ ಪಕ್ಕ ತೋರಿಸ್ಕೊಂಡು ನಿಂತು ಮಣ್ಣು ಕೆರೀತಿದೆ ಅಂದ್ರೆ ಅದು ಎಚ್ಚರಿಕೆ, ಮೆಲ್ಲಗೆ ಹಿಂದೆ ಹಿಂದೆ ಬಂದುಬಿಡಿ.

ಕುರಿಗಳಿಗೆ ಮುಂದೆ ಒಂದು ಪಳಗಿದ ಕುರಿ ಇದ್ರೆ ಮುಗೀತು. ಉಣ್ಣೆ ಹಿಡಿದು ಎತ್ತಬೇಡಿ, ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟತ್ತೆ, ಗದ್ದದ ಕೆಳಗೆ ಕೈ ಕೊಡಿ. ಹಂದಿ ಸಾಕಿರೋರು ದೊಡ್ಡ ಪ್ಲೈವುಡ್ ಹಲಗೆ ಹಿಡ್ಕೊಂಡು ಹಿಂದೆ ನಡೀರಿ, ಸಂದಿ ಕಂಡ್ರೆ ನುಗ್ಗತ್ತೆ, ಗೋಡೆ ಕಂಡ್ರೆ ತಿರುಗತ್ತೆ. ಕೋಳೀನ ರಾತ್ರಿ, ಮಂದ ಬೆಳಕಲ್ಲಿ, ರೆಕ್ಕೆ ಸಮೇತ ಎರಡೂ ಕೈಲಿ ಹಿಡೀರಿ.

ನಮ್ಮ ಬೆಂಗಳೂರಿಗೇ ಇರೋ ಕೆಲವು ತಾಪತ್ರಯ ಇದಾವೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯೋ ಫೆಬ್ರವರೀಲಿ ಫೈಟರ್ ವಿಮಾನ ತಲೆ ಮೇಲೆ ಹೋದ್ರೆ ದನ ಹಗ್ಗ ಕಿತ್ಕೊಳ್ಳತ್ತೆ, ಆ ದಿನಗಳಲ್ಲಿ ನಾವು ಪ್ರಾಕ್ಟೀಸ್ ಶುರುವಾಗೋ ಮುಂಚೆ ಬೆಳಿಗ್ಗೇನೇ ಎಲ್ಲಾ ಬದಲಾಯಿಸಿ ಕಟ್ಟಿ ಮುಗಿಸ್ತೀವಿ. ದೀಪಾವಳಿ ಪಟಾಕಿ ಹೊತ್ತಲ್ಲೂ ಅಷ್ಟೇ. ಸಂಕ್ರಾಂತಿಗೆ ಕಿಚ್ಚು ಹಾಯಿಸೋದನ್ನ ನಮ್ಮನೇಲಿ ಬಿಟ್ಟಿದೀವಿ, ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಎಳ್ಳುಬೆಲ್ಲ ತಿನ್ನಿಸ್ತೀವಿ, ಸೀಮೆ ಹಸು ಅಂಥಾ ಭಾರದ ಮೈ ಹೊತ್ಕೊಂಡು ಬೆಂಕಿ ಜಿಗಿದು ಟಾರ್ ರೋಡಿನ ಮೇಲೆ ಬಿದ್ರೆ ಏನು ಗತಿ ಅಂತ ನಮ್ಮಮ್ಮಾನೇ ಬೇಡ ಅಂದಿದ್ದು. ಬೇಸಿಗೆ ಮೊದಲಿನ ಹಂಗಿಲ್ಲ, 2016ರ ಏಪ್ರಿಲಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು. ಗಾಡಿ ಎಳೆಯೋ ಎತ್ತುಗಳಿಗೆ 1965ರ ನಿಯಮದಲ್ಲೇ 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ 12ರಿಂದ 3ರ ತನಕ ಕೆಲಸ ಮಾಡಿಸಬಾರದು ಅಂತ ಇದೆ, ಸೀಮೆ ಹಸುಗಳಿಗೆ ಅದಕ್ಕಿಂತ ಕಮ್ಮಿ ಬಿಸಿಲೇ ತಡೆಯಲ್ಲ, ಬಾಯಿ ತೆಗೆದು ಏದುಸಿರು ಬಿಡ್ತಿದ್ರೆ ಜರುಗಿಸೋದೇ ಬೇಡ, ಇದ್ದಲ್ಲೇ ನೆರಳು ಮಾಡಿ ಮೈಗೆ ನೀರು ಹಾಕಿ. ರೋಡ್ ದಾಟಿಸ್ಬೇಕಾದ್ರೆ ಮುಂದೊಬ್ಬರು ಹಿಂದೊಬ್ಬರು, ಕತ್ತಲಾದ ಮೇಲೆ ಬೇಡ.

ಗಾಡಿಗೆ ಹತ್ತಿಸೋದಾದ್ರೆ ಹಲಗೆ ಇಟ್ಟು ಮೇಲೆ ಎಳೆಯೋದಕ್ಕಿಂತ ಟಾಟಾ ಏಸನ್ನ ಮಣ್ಣಿನ ದಿಬ್ಬಕ್ಕೆ ರಿವರ್ಸ್ ಹಾಕ್ಸಿ, ದಿಬ್ಬಾನೂ ಗಾಡಿ ತಳಾನೂ ಸಮ ಇದ್ರೆ ಹಸು ನಡ್ಕೊಂಡೇ ಒಳಗೆ ಹೋಗತ್ತೆ. ಒಳಗೆ ಮರಳು ಮೇಲೆ ಹುಲ್ಲು ಹಾಸಿ, ಸ್ವಲ್ಪ ಹಿಂಡಿ ವಾಸನೆ ತೋರಿಸಿ, ಹತ್ತು ನಿಮಿಷ ಕಾಯಿರಿ. ಎಲ್ಲರಿಗೂ ಅರ್ಜೆಂಟು, ಡ್ರೈವರ್ ಹಾರನ್ ಹೊಡೀತಾನೆ, ಆದ್ರೂ ಕಾಯಿರಿ.

ಬಿದ್ದು ಏಳದೇ ಇರೋ ಹಸುನ ಕಾಲಿಗೆ ಹಗ್ಗ ಕಟ್ಟಿ ಎಳೆಯೋದು, ಜೆಸಿಬಿಗೆ ನೇತು ಹಾಕೋದು ಖಂಡಿತಾ ಬೇಡ. ಈದು ಮೂರು ದಿನದೊಳಗೆ ಬಿದ್ದು, ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ತಿರುಗಿಸ್ಕೊಂಡು ಮಲಗಿದ್ರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಮ್ಮಿಯಾಗಿ ಬರೋ ಹಾಲು ಜ್ವರ, ಪಶು ಸಹಾಯವಾಣಿ ನಂಬರ್ 1962ಕ್ಕೆ ಫೋನ್ ಮಾಡಿ, ಡಾಕ್ಟರ್ ನರಕ್ಕೆ ಕ್ಯಾಲ್ಸಿಯಂ ಕೊಟ್ರೆ ಎಷ್ಟೋ ಸಲ ಕಣ್ಮುಂದೆ ಎದ್ದು ನಿಲ್ಲತ್ತೆ. ಅಷ್ಟರಲ್ಲಿ ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ. ಎದೆ ಮೇಲೆ ಕೂರೋ ಹಂಗೆ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತಿ ಇಡಿ, ಎರಡು ಮೂರು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಿ. ಬಿಸಿಲಲ್ಲಿ ಬಿದ್ದಿದ್ರೆ ದಪ್ಪ ಟಾರ್ಪಾಲಿನ ಮೇಲೆ ಉರುಳಿಸಿ, ಆರು ಜನ ಸೇರಿ ಟಾರ್ಪಾಲನ್ನ ಎಳೀರಿ, ಹಸುನ ಅಲ್ಲ.

ಜಾಗ ಬದಲಾಯಿಸಿ ಕಟ್ಟಿದ ಮೇಲೆ ತಕ್ಷಣ ಹೋಗಬೇಡಿ. ಹಗ್ಗ ಮಲಗೋಕೆ ಸಾಕಾಗತ್ತಾ, ನೀರು ಬಾಯಿಗೆ ಸಿಗತ್ತಾ, ಪಕ್ಕದ್ದು ಹಾಯ್ತಿದೆಯಾ ನೋಡಿ, ಗೊರಸಿನ ಸಂದೀಲಿ ಜಲ್ಲಿಕಲ್ಲು ಸಿಕ್ಕಿದೆಯಾ ನೋಡಿ. ತಲೆ ಇಳಿಸಿ, ಕಿವಿ ಸಡಿಲ ಬಿಟ್ಟು, ಮೆಲುಕು ಹಾಕೋಕೆ ಶುರು ಮಾಡಿದ್ರೆ ನೀವು ಕಾಫಿಗೆ ಹೋಗಬಹುದು.