ಕಡಲೆ ಹುಳಿಗೆ ಬಿಸಿಲೇ ಬೇಕು: ನನ್ನ ಅನುಭವ

ಇಬ್ಬನಿ ಬೀಳುವ ರಾತ್ರಿ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ ತೆಗೆಯುವ ಹುಳಿ ನೀರೇ ಕಡಲೆ ಹುಳಿ. ಗಡಗಡ ನಡುಗುವ ಥಂಡಿ ಬೀಳದ ವರ್ಷ ಅದು ಇಳಿಯುವುದಿಲ್ಲ ಎಂಬ ಮಾತು ಗದಗ, ನವಲಗುಂದ, ಅಣ್ಣಿಗೇರಿ ಕಡೆಯ ಎರಿ (ಕಪ್ಪು ಮಣ್ಣಿನ) ಸೀಮೆಯಲ್ಲಿ ಬೇರೂರಿದೆ. ಈ ಸಲದ ಚಳಿಗಾಲವೋ ಬರೀ ಎಳೆಬಿಸಿಲಿನದು. ಹಗಲು 29-30 ಡಿಗ್ರಿ, ನಸುಕಿನಲ್ಲಿ 14-15, ಆಕಾಶ ತೊಳೆದಿಟ್ಟ ಹಾಗೆ. ಬಟ್ಟೆ ಹಾಸುವುದನ್ನು ನೋಡಿ ನಕ್ಕವರೇ ಹೆಚ್ಚು. 22 ರಾತ್ರಿ ಹಾಸಿ ಸುಮಾರು 18-19 ಲೀಟರ್ ಹಸಿ ಹುಳಿ ಹಿಂಡಿದ್ದಾಯಿತು. ನಕ್ಕವರೇ ಈಗ ಬಾಟಲಿ ಕೇಳುತ್ತಿದ್ದಾರೆ.

ಹಿಂದಿನ ಎರಡು ವರ್ಷ ಕೈಕೊಟ್ಟದ್ದು ಮೋಡ ಮತ್ತು ಕಾವಳ (ಮಂಜು). ಅದು ಗೊತ್ತಾಗಲು ಎರಡು ವರ್ಷ ಬೇಕಾಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿದರೆ ಇಬ್ಬನಿಯೇ ಬೀಳದು. ಕಾವಳ ದಟ್ಟವಾಗಿದ್ದರೆ ಬಟ್ಟೆ ತೊಯ್ದು ತೊಪ್ಪೆಯಾಗುತ್ತದೆ, ಹಿಂಡಿದರೆ ನೀರು ನೀರು. ಎಲೆಯ ಮೇಲಿನ ಸಣ್ಣ ರೋಮಗಳು ಹುಳಿ ಹನಿಗಳನ್ನು ಸೂಸುತ್ತವೆ, ಹಗಲ ಬಿಸಿಲಿಗೆ ಅದರ ನೀರು ಆರಿ ಹುಳಿ ಅಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ರಾತ್ರಿ ಆಕಾಶ ತೆರೆದಿದ್ದರೆ ಎಲೆ ಬೇಗ ತಣ್ಣಗಾಗಿ ಇಬ್ಬನಿ ಕೂತು ಅದನ್ನು ಕರಗಿಸುತ್ತದೆ. ಅಂದರೆ ಕೆಲಸ ಮಾಡುವುದು ಬಿಸಿಲು, ಇಬ್ಬನಿ ಸಾಗಿಸುವ ಗಾಡಿ ಮಾತ್ರ. ಒಂದು ಜಡಿಮಳೆ ಬಿದ್ದರೆ ಎಲ್ಲ ತೊಳೆದುಹೋಯಿತು. ಮತ್ತೆ ನಾಲ್ಕು ದಿನದ ಒಳ್ಳೆಯ ಬಿಸಿಲು ಕಾಣುವವರೆಗೆ ಹಾಸುವುದು ದಂಡ.

ಬಟ್ಟೆ ಹಳೆಯ ಬಿಳಿ ಹತ್ತಿ ಪಂಚೆ, ನಾಲ್ಕು ಗಜದ್ದು, ಅಂಚಿನ ಜರಿ ಕತ್ತರಿಸಿದ್ದು. ಹೊಸದಾದರೆ ಗಂಜಿ ಬಿಡುವವರೆಗೆ ಎರಡು ಸಲ ಕುದಿಸಬೇಕು; ಸಾಬೂನು ಮುಟ್ಟಿಸಬಾರದು, ಸಾಬೂನಿನ ಕ್ಷಾರ ಹುಳಿಯನ್ನು ತಿಂದುಬಿಡುತ್ತದೆ. ಮೊದಲ ವರ್ಷ ಅಂಗಡಿಯಿಂದ ತಂದ ಹಾಗೇ ಹಾಸಿ ಗಂಜಿ ತಿಳಿ ಹಿಂಡಿದ್ದಾಗಿತ್ತು, ಮೂರನೇ ದಿನಕ್ಕೆ ಬೂಸ್ಟು. ನೈಲಾನ್ ಸೀರೆ, ಸೊಳ್ಳೆ ಪರದೆ ಎರಡನ್ನೂ ನೋಡಿಯಾಯಿತು, ಹನಿ ನಿಲ್ಲದೆ ಜಾರುತ್ತದೆ. ಕಂಬಳಿ ಕುಡಿಯುತ್ತದೆ, ಬಿಡುವುದಿಲ್ಲ.

ಇಬ್ಬನಿ ಬೀಳುವ ರಾತ್ರಿ ಯಾವುದು ಎಂದು ತಿಳಿಯಲು ತೆಳ್ಳನೆಯ ಸ್ಟೀಲ್ ತಾಟನ್ನು ಒಂಬತ್ತಕ್ಕೆ ಬದುವಿನ ಮೇಲೆ ಬೋರಲು ಹಾಕಿಡಿ. ಹತ್ತಕ್ಕೆ ಬೆರಳಿಗೆ ತೇವ ಹತ್ತಿದರೆ ಹಾಸಿ, ಇಲ್ಲವಾದರೆ ಮಲಗಿ. ಗಾಳಿ ಆಡುತ್ತಿದ್ದರೆ ತಾಟನ್ನೂ ಇಡಬೇಡಿ.

ಹಾಸುವಾಗ ಪಂಚೆ ಗಿಡದ ತಲೆಗಳ ಮೇಲೆ ಸಡಿಲವಾಗಿ ಕೂರಬೇಕು, ಎಳೆದು ಬಿಗಿಯಬಾರದು. ನಸುಕಿನಲ್ಲಿ ಸಾಲಿನುದ್ದ ಎಳೆದುಕೊಂಡು ಹೋಗುವ ಹಳೆಯ ರೀತಿಯೂ ಇದೆ, ಬೇಗ ಆಗುತ್ತದೆ, ಆದರೆ ಹೂ ಉದುರುತ್ತದೆ, ಮಣ್ಣೂ ಬರುತ್ತದೆ. ಸುತ್ತ ಅಕ್ಕಡಿ ಸಾಲಿಗೆ (ಜೊತೆಬೆಳೆಯಾಗಿ) ಕುಸುಬಿ ಹಾಕಿದ್ದರೆ ಅದರಿಂದ ಎರಡು ಮಾರು ದೂರ ಇರಿ, ಒಂದೇ ರಾತ್ರಿಗೆ ಮುಳ್ಳು ಎರಡು ಪಂಚೆ ಹರಿದಿದೆ.

ಈ ಸಲ ಗೆದ್ದದ್ದು ಹಿಂಡದೇ ಬಿಟ್ಟದ್ದರಿಂದ. ಮೊದಲ ರಾತ್ರಿಯ ಪಂಚೆಯನ್ನು ಬೆಳಿಗ್ಗೆ ಹಿಂಡದೆ ಹಾಗೇ ಎತ್ತಿ ನೆರಳಲ್ಲಿ ಒಣಗಿಸುವುದು. ಎರಡನೇ ರಾತ್ರಿ ಬೇರೆ ಜಾಗದಲ್ಲಿ ಹಾಸಿ ಮತ್ತೆ ಒಣಗಿಸುವುದು. ಮೂರನೇ ನಸುಕಿಗೆ, ಸೂರ್ಯ ಹುಟ್ಟುವ ಮೊದಲು, ಹಿಂಡುವುದು. ಮೂರು ರಾತ್ರಿಯ ಹುಳಿ ಒಂದು ರಾತ್ರಿಯ ನೀರಿನಲ್ಲಿ ಇಳಿಯುತ್ತದೆ. ಒಂದು ಪಂಚೆಗೆ 300-350 ಮಿ.ಲೀ. ಬಂತು, ಎಂಟು ಪಂಚೆಗೆ ಎರಡೂವರೆ ಲೀಟರಿನ ಮೇಲೆ. ಹುಳಿ ಅಳೆಯುವ ಪಿಎಚ್ ಕಾಗದ ಎರಡರ ಸುತ್ತ ತೋರಿಸಿತು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ದಿನಾ ಹಿಂಡುತ್ತಿದ್ದಾಗ ಮೂರರ ಹತ್ತಿರ ಇರುತ್ತಿತ್ತು. ಕಾಗದ ಇಲ್ಲದವರು ಒಂದು ಚಮಚಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೊರೆ ಎಷ್ಟು ಏಳುತ್ತದೆ ನೋಡಿ. ನಾಲ್ಕನೇ ರಾತ್ರಿಗೂ ಎಳೆದು ನೋಡಿದೆ: ಹುಳಿ ಏರಿತು, ಬಟ್ಟೆ ಕೈಯಲ್ಲೇ ಪಿಸಿಯಿತು. ಒಣಗಿದ ಹುಳಿ ಹತ್ತಿಯನ್ನು ಸುಡುತ್ತದೆ. ಕಡಲೆ ಹೊಲದಲ್ಲಿ ಓಡಾಡಿದವರ ಧೋತರದ ಅಂಚು ನೋಡಿದವರಿಗೆ ಇದು ಹೊಸದಲ್ಲ. ಒಂದು ಪಂಚೆ ಆರೇಳು ಸಲ ಹಿಂಡಿದ ಮೇಲೆ ಒರೆಸುವ ಬಟ್ಟೆಗೂ ಬಾರದು. ಮೊದಲ ಸಲ ಹಾಸುವ ಮುಂಚೆ ಪಂಚೆಗೆ ಮಾಡುವ ಒಂದು ಉಪಚಾರದಿಂದ ಆಯುಷ್ಯ ಎರಡು ಹಿಂಡಿನಷ್ಟು ಹೆಚ್ಚುತ್ತದೆ. ಅದನ್ನು ಮುಂದಿನ ಸುಗ್ಗಿಯವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪಾತ್ರೆ ವಿಷಯದಲ್ಲಿ ಜಿಪುಣತನ ಬೇಡ. ಅಲ್ಯುಮಿನಿಯಂ ಬೋಗುಣಿ ಒಂದೇ ವಾರದಲ್ಲಿ ಗುಳಿ ಬಿದ್ದು ಕಪ್ಪಾಯಿತು. ತಾಮ್ರದ ತಂಬಿಗೆಯಲ್ಲಿ ಒಂದು ರಾತ್ರಿ ಇಟ್ಟ ಹುಳಿ ಹಸಿರು ತಿರುಗಿತು, ಅದು ವಿಷ, ಚೆಲ್ಲಿದ್ದಾಯಿತು. ಪಿಂಗಾಣಿ ಭರಣಿ, ಗಾಜು, ಪ್ಲಾಸ್ಟಿಕ್ ಮುಚ್ಚಳ, ಅಷ್ಟೇ. ಕೈಯಲ್ಲಿ ಗಾಯವಿದ್ದರೆ ರಬ್ಬರ್ ಕೈಗವಸು ಹಾಕಿಕೊಂಡೇ ಹಿಂಡಿ.

ಗಟ್ಟಿ ಮಾಡಲು ಕುದಿಸಬೇಡಿ, ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಬೆಲ್ಲದ ವಾಸನೆ ಹಿಡಿಯುತ್ತದೆ. ಅಗಲ ಪಿಂಗಾಣಿ ತಟ್ಟೆಯಲ್ಲಿ ಒಂದು ಬೆರಳು ಎತ್ತರ ಸುರಿದು, ಮೇಲೆ ಮಲಮಲ್ ಕಟ್ಟಿ ಬಿಸಿಲಿಗಿಡಿ. ಈ ಕಾಲದ ಬಿಸಿಲು ಬೇಯಿಸುವುದಿಲ್ಲ, ಒಣ ಗಾಳಿ ನೀರು ಹೀರುತ್ತದೆ. ಮೂರು-ನಾಲ್ಕು ದಿನಕ್ಕೆ ಮೂರರಲ್ಲೊಂದು ಪಾಲು ಉಳಿಯಿತು. ಬೇಸಿಗೆಯ ಬಿಸಿಲಿಗಿಟ್ಟ ಒಂದು ತಟ್ಟೆ ತಳ ಹಿಡಿದು ಅಂಟಾಗಿತ್ತು.

ಹಾಸುವ ಕಾಲ, ಬಿತ್ತಿದ 45ನೇ ದಿನದಿಂದ ಎಲೆ ಹಳದಿ ತಿರುಗುವವರೆಗೆ. ಅಕ್ಟೋಬರ್ ಮಧ್ಯದಲ್ಲಿ ಬಿತ್ತಿದ್ದರೆ ಡಿಸೆಂಬರ್ ಮೊದಲ ವಾರದಿಂದ ಸಂಕ್ರಾಂತಿಯ ತನಕ. ಎಳ್ಳ ಅಮಾವಾಸ್ಯೆಗೆ ಚರಗ (ಹೊಲಕ್ಕೆ ನೈವೇದ್ಯ) ಚೆಲ್ಲುವ ಹೊತ್ತು ಎಲ್ಲಕ್ಕಿಂತ ಚೊಕ್ಕ. ಆಮೇಲೆ ಹುಳಿ ಇನ್ನೂ ಚುರುಕಾಗುತ್ತದೆ, ಆದರೆ ಒಣ ಎಲೆ ಪಂಚೆಗೆ ಅಂಟಿ ಸೋಸುವುದೇ ದೊಡ್ಡ ಕೆಲಸ.

ಔಷಧ ಹೊಡೆದ ಹೊಲದಲ್ಲಿ ಹಾಸಲೇಬೇಡಿ. ಅದಕ್ಕೆಂದೇ ಹತ್ತು ಗುಂಟೆ ಅಣ್ಣಿಗೇರಿ-1 ತಳಿಯ ಕಡಲೆ ಬೇರೆ ಬಿಟ್ಟಿದ್ದೆ. ಅಲ್ಲಿ ಕಾಯಿಕೊರಕ ಹುಳುವಿಗೆ ಒಂದು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆದು ಹಿಡಿಯುವುದು), ನಡುನಡುವೆ ಹಕ್ಕಿ ಕೂರಲು ಕವಲುಗೋಲು, ಮರಿಹುಳು ಕಂಡಾಗ ಸಂಜೆ ಎನ್‌ಪಿವಿ (ಹುಳುವಿಗೆ ರೋಗ ತರುವ ವೈರಾಣುವಿನ ದ್ರಾವಣ). ಎನ್‌ಪಿವಿ ಹೊಡೆದ ತುಂಡಿನಲ್ಲಿ ಆ ವರ್ಷ ಮತ್ತೆ ಪಂಚೆ ಹಾಸಿಲ್ಲ. ಒಂದೇ ಜಾಗದಲ್ಲಿ ದಿನಾ ಹಾಸುವುದೂ ತಪ್ಪು. ಆ ಹುಳಿ ಗಿಡದ ಕಾವಲುಗಾರ, ಅದು ಹೋದರೆ ಹುಳು ಸಲೀಸಾಗಿ ಮೇಯುತ್ತದೆ. ಹಿಂದಿನ ವರ್ಷ ಐದು ರಾತ್ರಿ ಸತತ ಹಾಸಿದ ಮೂಲೆಯಲ್ಲಿ ತೂತು ಬಿದ್ದ ಕಾಯಿ ಎದ್ದು ಕಾಣುವಷ್ಟಿತ್ತು. ಎಂಟು ಪಂಚೆ ಒಂದು ರಾತ್ರಿಗೆ ಮುಚ್ಚುವುದು ಗುಂಟೆಯ ಮೂರನೇ ಒಂದು ಪಾಲು, ಹತ್ತು ಗುಂಟೆಯಲ್ಲಿ ಹಾಸಿದಲ್ಲೇ ಹಾಸುವ ಪ್ರಸಂಗ ಬರುವುದಿಲ್ಲ.

ದುಡ್ಡಿನ ಮಾತು. ಪಂಚೆ 1,600, ಭರಣಿ-ತಟ್ಟೆ 900, ಬಾಟಲಿ 600 ಚಿಲ್ಲರೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ 100. ಒಣಗಿಸಿ ಸೋಸಿದ ಮೇಲೆ 200 ಮಿ.ಲೀ.ನ ಮೂವತ್ತು ಬಾಟಲಿ ಬಂತು. 120 ರೂಪಾಯಿಯಂತೆ 25 ಹೋದವು, ಉಳಿದದ್ದು ಮನೆಗೆ, ಬೀಗರಿಗೆ. ತುಳಿದು, ಹೂ ಉದುರಿ ಕಾಳಿನಲ್ಲಿ 15-20 ಕಿಲೋ ಖೋತಾ. ಲೆಕ್ಕ ಹಾಕಿದರೆ ಕೈಯಿಂದಲೇ ಸಾವಿರದ ಆಸುಪಾಸು ಹೋಗಿದೆ, ನಸುಕಿನ ಐದಕ್ಕೆ ಎದ್ದದ್ದಕ್ಕೆ ಕೂಲಿ ಹಿಡಿದಿಲ್ಲ. ಭರಣಿ ಮುಂದಿನ ವರ್ಷಕ್ಕೂ ಇದೆ ಎಂಬುದೇ ಸಮಾಧಾನ. ಬಾಟಲಿಯ ಮೇಲೆ ಹೊಟ್ಟೆನೋವಿನ ಔಷಧ ಎಂದು ಬರೆಯಬೇಡಿ. ಅಡುಗೆ ಹುಳಿ ಎಂದೇ ಮಾರಿ. ಆಕ್ಸಾಲಿಕ್ ಆಮ್ಲವೂ ಇರುವುದರಿಂದ ಮೂತ್ರಪಿಂಡದ ಕಲ್ಲಿನವರಿಗೆ ಕೊಡಲೇಬೇಡಿ. ಉಳಿದವರಿಗೂ ಒಂದು ಚಮಚ, ಒಂದು ಲೋಟ ನೀರಿನಲ್ಲಿ, ಅಷ್ಟು ಸಾಕು.

ಪಕ್ಕದ ಬಿಳಿಜೋಳದ ಮೇಲೂ ಒಂದು ಪಂಚೆ ಹಾಸಿ ನೋಡಿದೆ. ನೀರು ಇದಕ್ಕಿಂತ ಹೆಚ್ಚೇ ಬಂತು, ಹುಳಿಯ ಸುಳಿವಿಲ್ಲ. ಬಿಸಿಲಿಗೆ ತೆನೆ ಬೇಗ ಹಾಲುಗಟ್ಟಿದ್ದರಿಂದ ಸೀತನಿ (ಸುಟ್ಟು ತಿನ್ನುವ ಎಳೆ ಜೋಳ) ಮಾತ್ರ ವಾರ ಮೊದಲೇ ಸಿಕ್ಕಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲಗಳಿಗೆ ಮೇಯಲು ಇಳಿಯುತ್ತವೆ. ಆ ಕಡೆಯವರು ಬಿಳಿ ಪಂಚೆ ಹಾಸಿದ ಸಾಲಿಗೆ ಅವು ಬರುತ್ತವೋ ಬೆದರುತ್ತವೋ ನೋಡಿ ಹೇಳಿದರೆ ಉಪಕಾರ. ಬೆದರುವುದಾದರೆ ಪಂಚೆಯ ಖರ್ಚು ಅರ್ಧ ಅಲ್ಲೇ ಹುಟ್ಟುತ್ತದೆ.