ಕ್ಯಾಲೆಂಡರಿನ ಮೇಲೆ ಕೆಂಪು ಸ್ಟಿಕ್ಕರ್

"ಮೇಡಮ್, ಒಂದು ಮಾತು ಕೇಳ್ತೀನಿ, ಬೈಬೇಡಿ" ಅಂದರು ಆ ತಾಯಿ. ಒಳಗೆ ಅತ್ತೆ ಇದ್ದರು ಅಂತ ನನ್ನನ್ನು ಹಿತ್ತಲಿಗೆ, ಸೌದೆ ಒಟ್ಟಿದ್ದ ಕಡೆಗೆ ಕರೆದುಕೊಂಡು ಹೋಗಿದ್ದರು. "ಅವಳ ಗರ್ಭಕೋಶ ತೆಗೆಸಿಬಿಟ್ರೆ ಹೇಗೆ? ನಮ್ಮ ನಾದಿನಿ ಕಡೆ ಯಾರೋ ತೆಗೆಸಿದಾರಂತೆ. ಅವಳಿಗೂ ನೆಮ್ಮದಿ, ನಮಗೂ ನೆಮ್ಮದಿ."

ಮಗಳಿಗೆ 14 ವರ್ಷ. ಮೈನೆರೆದು ಐದು ತಿಂಗಳಾಗಿತ್ತು. ಬುದ್ಧಿ ಬೆಳವಣಿಗೆ ಮಾತ್ರ ನಾಲ್ಕೈದು ವರ್ಷದ ಮಗುವಿನಷ್ಟು. ಇಲ್ಲಿ ಅವಳನ್ನು ಪುಟ್ಟಿ ಅಂತ ಕರೆಯುತ್ತೇನೆ. ನಮ್ಮ ಕಡೆ ಅರ್ಧ ಊರಿನ ಹೆಣ್ಣುಮಕ್ಕಳು ಪುಟ್ಟಿಯರೇ, ಗುರುತು ಸಿಗೋದಿಲ್ಲ.

ನಾನು ಅರಸೀಕೆರೆ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇಂಥ ಮಕ್ಕಳ ಮನೆಗಳಿಗೆ ಓಡಾಡುವವಳು. ಓದಿದ್ದು ಸಮಾಜಕಾರ್ಯ, ಎಂಎಸ್‌ಡಬ್ಲ್ಯೂ, ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಕಾಗದದಲ್ಲಿ ನಾನು ಕೌನ್ಸೆಲರ್. ಊರುಗಳಲ್ಲಿ "ಬುದ್ಧಿ ಹೇಳೋ ಮೇಡಮ್". ಮೊದಲ ಮೂರು ವರ್ಷ ನಾನು ಮಾಡಿದ್ದೂ ಅದನ್ನೇ, ಬುದ್ಧಿ ಹೇಳಿದ್ದು.

ಆಗಿನದು ಒಂದು ಘಟನೆ. ಒಬ್ಬ ತಂದೆ ಬಂದಿದ್ದರು, ಮಗನಿಗೆ ಆಟಿಸಂ, ಮಾತು ಮತ್ತು ಜನರ ಜೊತೆ ಬೆರೆಯುವುದು ಬೇರೆ ಥರ ಇರುವ ಬೆಳವಣಿಗೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಎರಡು ಸಲ, ನಿಮ್ಹಾನ್ಸ್‌ಗೆ ಒಂದು ಸಲ ಹೋಗಿ ಬಂದಾಗಿತ್ತು. ಹರಕೆ, ನಾಟಿ ಔಷಧಿ ಎಲ್ಲ ಮುಗಿದಿತ್ತು. "ಯಾವಾಗ ಸರಿ ಹೋಗ್ತಾನೆ ಮೇಡಮ್?" ಅಂತ ಕೇಳಿದರು. ನಾನು ಕಾಲೇಜಿನಲ್ಲಿ ಕಲಿತ ಪಾಠ ಒಪ್ಪಿಸಿದೆ. ಇದು ಕಾಯಿಲೆ ಅಲ್ಲ, ವಾಸಿಯಾಗೋದು ಅಂತ ಇಲ್ಲ, ನೀವು ಮೊದಲು ಒಪ್ಪಿಕೊಳ್ಳಬೇಕು ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ತಲೆಯಾಡಿಸಿ, ಕೊಟ್ಟ ಟೀ ಹಾಗೇ ಬಿಟ್ಟು ಎದ್ದು ಹೋದರು. ಎಂಟು ತಿಂಗಳು ಮುಖ ತೋರಿಸಲಿಲ್ಲ. ಆಮೇಲೆ ಸಂತೆಯಲ್ಲಿ ಅವರ ಹೆಂಡತಿ ಸಿಕ್ಕಿದಾಗ ಗೊತ್ತಾಯಿತು. ಆ ವಾರ ಹುಡುಗ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅಪ್ಪ ಹಗಲು ತೋಟದಲ್ಲಿ ಕಾಯಿ ಇಳಿಸಿ, ರಾತ್ರಿ ಬಾಗಿಲಿಗೆ ಅಡ್ಡ ಮಲಗಿ ಕಾದಿದ್ದರು. ಹಾಗೆ ಬಂದ ಮನುಷ್ಯನಿಗೆ ನಾನು ಒಪ್ಪಿಕೊಳ್ಳಿ ಅಂದಿದ್ದೆ.

ಅಲ್ಲಿಂದ ಈಚೆಗೆ ಮೊದಲ ಭೇಟಿಯಲ್ಲಿ ನಾನು ಏನನ್ನೂ ಹೇಳುವುದಿಲ್ಲ. ಒಂದು ಹಾಳೆ ತೆಗೆದು, ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಇವತ್ತು ಎದ್ದವರೆಗೆ ಏನೇನಾಯಿತು ಅಂತ ಗಂಟೆ ಗಂಟೆಗೆ ಬರೆದುಕೊಳ್ಳುತ್ತೇನೆ. ಯಾರು ಸ್ನಾನ ಮಾಡಿಸಿದರು, ಯಾರು ತಿನ್ನಿಸಿದರು, ತಾಯಿ ಎಷ್ಟು ಹೊತ್ತಿಗೆ ಊಟ ಮಾಡಿದರು. ಕೊನೆಯ ಪ್ರಶ್ನೆಗೆ ಜಾಸ್ತಿ ಜನಕ್ಕೆ ಉತ್ತರವೇ ನೆನಪಿರುವುದಿಲ್ಲ. ಹಾಳೆ ತುಂಬುವಷ್ಟರಲ್ಲಿ ಯಾವ ಕೆಲಸದಲ್ಲಿ ಮನೆ ಸಿಕ್ಕಿಹಾಕಿಕೊಂಡಿದೆ ಅಂತ ಅವರಿಗೇ ಕಾಣುತ್ತದೆ. ಆ ಒಂದು ಕೆಲಸ ಹಿಡಿದುಕೊಳ್ಳುತ್ತೇವೆ, ಅಷ್ಟೇ. ಆ ತಂದೆಯ ಮನೆಯಲ್ಲಿ ಅದು ನಿದ್ದೆ. ಮಧ್ಯಾಹ್ನದ ನಿದ್ದೆ ತಪ್ಪಿಸಿ, ಸಂಜೆ ತೋಟ ಸುತ್ತಿಸಿ, ಎಂಟರ ಮೇಲೆ ಮೊಬೈಲ್ ಎತ್ತಿಟ್ಟು, ವೈದ್ಯರನ್ನೂ ಕೇಳಿ, ಎರಡು ತಿಂಗಳಿಗೆ ಐದು ಗಂಟೆ ನಿದ್ದೆಗೆ ಬಂದೆವು. ಒಪ್ಪಿಕೊಳ್ಳುವ ಮಾತನ್ನು ಆಮೇಲೆ ಅವರೇ ಎತ್ತಿದರು.

ಪುಟ್ಟಿ ಮನೆಯ ಹಾಳೆಯಲ್ಲಿ ಕಂಡಿದ್ದು ಬೇರೆ. ಮುಟ್ಟಿನ ಐದು ದಿನವೂ ತಾಯಿ ಕೂಲಿಗೆ ಹೋಗುತ್ತಿರಲಿಲ್ಲ. ಪುಟ್ಟಿ ಪ್ಯಾಡ್ ಕಿತ್ತು ಜಗಲಿಯ ಮೇಲೆ ಇಟ್ಟುಬಿಡುತ್ತಿದ್ದಳು. ಅಜ್ಜಿಗೆ ಮಡಿ, ಅಪ್ಪನಿಗೆ ನಾಚಿಕೆ. ತಿಂಗಳಿಗೆ ಐದು ದಿನದ ಕೂಲಿ ಹೋದರೆ ಆ ಮನೆಯಲ್ಲಿ ರೇಷನ್ ಲೆಕ್ಕವೇ ತಪ್ಪುತ್ತದೆ. ಆಪರೇಶನ್ ಮಾತು ಕಲ್ಲು ಮನಸ್ಸಿನಿಂದ ಬಂದದ್ದಲ್ಲ.

ಕಾನೂನು ಹೇಳಲೇಬೇಕಿತ್ತು, ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಅಂಗವಿಕಲರಿಗೇ ತಿಳಿಸಿ ಅವರ ಒಪ್ಪಿಗೆ ಪಡೆಯದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ತಾಯಿ ಸುಮ್ನೆ ಕೇಳಿಸಿಕೊಂಡರು. ಕಾನೂನು ಕೂಲಿ ಕೊಡುತ್ತದಾ? ಸ್ವಲ್ಪ ಹೊತ್ತು ಬಿಟ್ಟು "ನಿಮಗೆ ಭಯ ಯಾರದು?" ಅಂದೆ. ಅವರು ಸೌದೆ ಕಡೆ ನೋಡುತ್ತಾ, "ಯಾರದು ಅಂತ ಹೇಳ್ಲಿ ಮೇಡಮ್? ನಾನು ಮನೇಲಿಲ್ದಾಗ ಬಾಗಿಲು ತೆಗೆಯೋ ಎಲ್ರದೂ" ಅಂದರು.

ಇದೇ ನಿಜವಾದ ಮಾತು. ಅವರಿಗೆ ಒಂದೇ ಒಂದು ವಿಷಯ ಹೇಳಿದೆ. ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಬಸಿರಿನ ಭಯ ಹೋಗುತ್ತದೆ. ಕೈ ಹಾಕುವವನು ಮಾತ್ರ ನಿಲ್ಲುವುದಿಲ್ಲ. ಅಂಥದ್ದು ನಡೆದಿದೆ ಅಂತ ಗೊತ್ತಾಗುವ ಒಂದು ದಾರಿ ಮುಚ್ಚಿಹೋಗುತ್ತದೆ, ಅಷ್ಟೇ. ತಾಯಿ ಅವತ್ತು ಅತ್ತರು. ಮುಂದಿನ ಸೋಮವಾರ ಬನ್ನಿ ಅಂದರು.

ಪ್ಯಾಡ್ ಬದಲಿಸುವುದನ್ನು ಎಂಟು ಹಂತ ಮಾಡಿದೆವು. ಕವರ್ ತೆಗೆ, ಕಾಗದ ಕೀಳು, ಅಂಟಿಸು, ಹೀಗೆ. ಸಾಮಾನ್ಯವಾಗಿ ಮೊದಲ ಹಂತದಿಂದ ಕಲಿಸಲು ಹೋಗುತ್ತೇವೆ, ಮಗು ಎರಡನೆಯದರಲ್ಲೇ ಸುಸ್ತಾಗಿ ಎದ್ದು ಹೋಗುತ್ತದೆ. ನಾನು ಕಲಿಸುವುದು ಕೊನೆಯಿಂದ. ಏಳೂ ಹಂತ ಅಮ್ಮ ಮಾಡಿಕೊಡುತ್ತಾರೆ, ಪೇಪರಿನಲ್ಲಿ ಸುತ್ತಿದ್ದನ್ನು ಬುಟ್ಟಿಗೆ ಹಾಕುವುದಷ್ಟೇ ಪುಟ್ಟಿ ಕೆಲಸ. ಹಾಕಿದಳೋ, ಕೆಲಸ ಮುಗೀತು, ಚಪ್ಪಾಳೆ. ಅದು ಕೈಗೆ ಬಂದ ಮೇಲೆ ಪೇಪರಿನಲ್ಲಿ ಸುತ್ತುವುದೂ ಅವಳದೇ. ಹೀಗೆ ಒಂದೊಂದೇ ಹಂತ ಹಿಂದಕ್ಕೆ. ಪ್ರತಿ ಸಲವೂ ಮುಗಿಸಿದವಳು ಅವಳೇ ಆಗಿರುತ್ತಾಳೆ. ಮುಟ್ಟು ಬರುವವರೆಗೆ ಕಾಯಲಿಲ್ಲ. ಕುಂಕುಮ ಕದಡಿದ ನೀರನ್ನು ಪ್ಯಾಡಿನ ಮೇಲೆ ಹಾಕಿ, ಬೇರೆ ದಿನಗಳಲ್ಲೇ ಅಭ್ಯಾಸ. ಪೂಜೆಯ ಕುಂಕುಮ ಅಂತ ಅಜ್ಜಿ ಗಲಾಟೆ ಮಾಡಿದರು. ಅಂಗಡಿಯಿಂದ ಬೇರೆ ಪೊಟ್ಟಣ ತಂದೆವು.

ತಾರೀಖಿಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಹಣೆಗೆ ಇಡುವ ಕೆಂಪು ಸ್ಟಿಕ್ಕರ್ ಪುಟ್ಟಿಗೆ ಜೀವ. ಮುಟ್ಟಾದ ಪ್ರತಿ ದಿನ ಒಂದು ಸ್ಟಿಕ್ಕರನ್ನು ಆ ದಿನದ ಮೇಲೆ ಅವಳೇ ಅಂಟಿಸಬೇಕು. ಮೂರು ತಿಂಗಳಾದ ಮೇಲೆ ತಾಯಿಗೆ ಮುಂದಿನದು ಯಾವಾಗ ಅಂತ ಅಂದಾಜು ಸಿಕ್ಕಿತು, ಕೂಲಿಯನ್ನೂ ಹಾಗೇ ಹೊಂದಿಸಿಕೊಂಡರು.

ಇದರ ಜೊತೆಗೇ "ಬೇಡ" ಅನ್ನುವುದನ್ನು ಕಲಿಸಿದೆ. ಕೈ ಮುಂದೆ ಮಾಡಿ, ಜೋರಾಗಿ. ಯಾರಾದರೂ ಮೈ ಮುಟ್ಟಲು ಬಂದರೆ ಅನ್ನಲಿ ಅಂತ. ನಾನು ಯೋಚಿಸದೇ ಇದ್ದದ್ದು ಇನ್ನೊಂದು. ಪುಟ್ಟಿ ಅದನ್ನು ಎಲ್ಲದಕ್ಕೂ ಬಳಸತೊಡಗಿದಳು. ಹೂವು ಮುಡಿಸಲು ಹೋದರೆ ಬೇಡ. ಎರಡನೇ ಮುದ್ದೆಗೆ ಬೇಡ. ಅಜ್ಜಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನೀವು ಬಂದು ಮಗೂನ ಎದುರುತ್ತರ ಕೊಡೋ ಹಾಗೆ ಮಾಡಿದ್ರಿ" ಅಂದರು. ಅಜ್ಜಿಯನ್ನು ಒಪ್ಪಿಸಲು ಹಿಡಿದ ಸಮಯ ಪುಟ್ಟಿಗೆ ಕಲಿಸಿದ್ದಕ್ಕಿಂತ ಜಾಸ್ತಿ. ಮನೆಯಲ್ಲಿ ಅವಳ "ಬೇಡ"ಕ್ಕೆ ಬೆಲೆ ಇಲ್ಲದಿದ್ದರೆ ಹೊರಗೆ ಅವಳು ಅದನ್ನು ಅನ್ನುವುದೇ ಇಲ್ಲ. ಕೊನೆಗೆ ಅಜ್ಜಿ ಒಂದು ಮುದ್ದೆಗೆ ಒಪ್ಪಿದರು. ಹೂವಿನ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಗಂಡುಮಕ್ಕಳ ವಿಷಯ ಯಾರೂ ಬಾಯಿ ಬಿಡುವುದಿಲ್ಲ, ಆದರೆ ಬರುತ್ತದೆ. ನಿದ್ದೆ ಬಾರದ ಆ ಹುಡುಗನಿಗೆ 16 ತುಂಬಿದಾಗ ಅಂಗಡಿ ಮುಂದೆ ನಿಂತು ಚಡ್ಡಿಯೊಳಗೆ ಕೈ ಹಾಕತೊಡಗಿದ. ಅಪ್ಪ ಬೆತ್ತ ಹಿಡಿದರು. ಹೊಡೆದಷ್ಟೂ ಜಾಸ್ತಿಯಾಯಿತು. ಈ ವಯಸ್ಸಿನಲ್ಲಿ ಎಲ್ಲ ಹುಡುಗರಿಗೂ ಆಗುವುದೇ, ಎಲ್ಲಿ ಅನ್ನುವುದು ಮಾತ್ರ ಇವನಿಗೆ ಗೊತ್ತಿಲ್ಲ ಅಂತ ಅವರಿಗೆ ಹೇಳಿದೆ. ಬಚ್ಚಲುಮನೆಯ ಬಾಗಿಲಿನ ಫೋಟೋ ತೆಗೆದು ಕಾರ್ಡ್ ಮಾಡಿದೆವು. ಹೊರಗೆ ಕೈ ಹೋದರೆ ಕಾರ್ಡ್ ತೋರಿಸಿ, ಬೈಯದೆ ಮನೆಗೆ ಕರೆದುಕೊಂಡು ಬರುವುದು. ಅಪ್ಪ ಕಾರ್ಡನ್ನು ಜೇಬಿಗೆ ಹಾಕಿಕೊಳ್ಳುತ್ತಾ, "ನಮಗೂ ಇದನ್ನೆಲ್ಲ ಯಾರೂ ಹೇಳ್ಕೊಡ್ಲಿಲ್ಲ ಬಿಡಿ ಮೇಡಮ್" ಅಂದರು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

ಕಾಗದಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮೊದಲು ಮಾಡಿಸಿ. ಬಹಳಷ್ಟು ಸೌಲಭ್ಯಕ್ಕೆ ಅಂಗವಿಕಲತೆ ಕನಿಷ್ಠ 40 ಪರ್ಸೆಂಟ್ ಇರಲೇಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು), ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇದ್ದವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿವರೆಗೆ. ಮಗುವಿಗೆ 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಅದಕ್ಕೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಅರ್ಧ ಓಡಾಟ ತಪ್ಪುತ್ತದೆ.

ಪೋಷಕರ ಮಾತು ಬಂದಾಗಲೆಲ್ಲ ಮನೆಯವರು ಬೆರಳು ತೋರಿಸುವುದು ಅಣ್ಣನ ಕಡೆಗೆ. ಪುಟ್ಟಿಯ ಅಣ್ಣ ಆಗ ಪಿಯುಸಿ. ಎಷ್ಟೋ ಸಲ ಆ ಮನೆಗೆ ಹೋಗಿದ್ದರೂ ನಾನು ಅವನ ಜೊತೆ "ಚೆನ್ನಾಗಿದೀಯಾ" ಅನ್ನುವುದಕ್ಕಿಂತ ಜಾಸ್ತಿ ಮಾತಾಡಿರಲಿಲ್ಲ. ಇದು ನನ್ನ ಎರಡನೇ ತಪ್ಪು. ಒಂದು ದಿನ ಬಸ್ ಸ್ಟ್ಯಾಂಡಿಗೆ ಬಿಡಲು ಬೈಕಿನಲ್ಲಿ ಬಂದ. ಬಸ್ ತಡವಾಯಿತು. "ಅಮ್ಮನ ಆದ್ಮೇಲೆ ನೀನೇ ಅಂತ ಎಲ್ರೂ ಹೇಳ್ತಾರೆ ಮೇಡಮ್. ಆಗುತ್ತೇನೋ ಅಂತ ಯಾರೂ ಕೇಳಲ್ಲ" ಅಂದ. ನಾನು ಕೇಳಿದೆ. ಗೊತ್ತಿಲ್ಲ ಅಂದ. ಬಸ್ ಬಂತು, ಹತ್ತಲಿಲ್ಲ, ಮುಂದಿನದಕ್ಕೆ ಹೋದೆ. ಈಗ ತಿಂಗಳಿಗೊಂದು ಭಾನುವಾರ ಇಂಥ ಮಕ್ಕಳ ಅಣ್ಣ ತಂಗಿಯರನ್ನಷ್ಟೇ ಸೇರಿಸುತ್ತೇವೆ. ಏಳೆಂಟು ಜನ ಬರುತ್ತಾರೆ. ಕ್ರಿಕೆಟ್ ಆಡುತ್ತಾರೆ, ಮಧ್ಯೆ ಮಧ್ಯೆ ಮಾತಾಡುತ್ತಾರೆ. ಹೆಣ್ಣು ನೋಡಲು ಹೋದಾಗ ತಂಗಿ ವಿಷಯ ಯಾವಾಗ ಹೇಳಬೇಕು ಅಂತ ಒಬ್ಬ ಕೇಳಿದ. ಮದುವೆಯಾದ ಇನ್ನೊಬ್ಬ ಉತ್ತರ ಕೊಟ್ಟ. ನಾನು ಬಾಯಿ ಮುಚ್ಚಿಕೊಂಡು ಬೋಂಡ ಹಂಚಿದೆ.

ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವ ತಾಯಂದಿರಿಗೆ ಈಗ 14416 ಕೊಡುತ್ತೇನೆ, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಒಂದು ವರ್ಷ ಎಲ್ಲ ಕರೆಯನ್ನೂ ನಾನೇ ತೆಗೆದುಕೊಂಡು, ಕೊನೆಗೆ ನನ್ನ ಮಗಳೇ "ನಂಗೂ ಒಂದು ಹಾಳೇಲಿ ಟೈಮ್ ಬರ್ಕೊಡು" ಅಂದಿದ್ದಳು.

ಹೋದ ಜನವರಿಯಲ್ಲಿ ಪುಟ್ಟಿ ಮನೆಗೆ ಹೋದಾಗ ಹಳೇ ಕ್ಯಾಲೆಂಡರ್ ಇನ್ನೂ ಗೋಡೆಯಲ್ಲಿತ್ತು. ಎಂಟು ಹಂತದಲ್ಲಿ ಆರು ಅವಳ ಕೈಗೆ ಬಂದಿವೆ. ಅಂಟಿಸುವುದು ಈಗಲೂ ಸೊಟ್ಟ. ಪುಟ ತಿರುವಿ ನೋಡುತ್ತಿದ್ದೆ, ಕೆಂಪು ಸ್ಟಿಕ್ಕರಿನ ಜೊತೆಗೆ ಬೇರೆ ದಿನಗಳ ಮೇಲೆ ಹಸಿರು ಸ್ಟಿಕ್ಕರೂ ಇದ್ದವು. ಇದೇನು ಅಂತ ಕೇಳಿದೆ. ತಾಯಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

"ಅದು ನಂದು ಮೇಡಮ್. ಕೇಳಿ ಕೇಳಿ ಅಂಟಿಸ್ತಾಳೆ. ಈಗ ಮನೆಗೆ ಬಂದೋರಿಗೆಲ್ಲ ನನ್ನ ಲೆಕ್ಕಾನೂ ಗೊತ್ತು."